ಒಂಬತ್ತು ಹಿಕ್ಕೆ

ನರಿನ್ ಊರಿನ ನಮ್ಮ ಶಾಲೆಯಲ್ಲಿ ಅಕ್ಟೋಬರಿಗೇ ಒಲೆ ಹೊತ್ತಿಸುತ್ತೇವೆ.
ಕಲ್ಲಿದ್ದಲಿನ ಹೊಗೆ ಕೊಂಚ ಒಳಗೂ ಬರುತ್ತದೆ,
ಕೊನೆಯ ಬೆಂಚಿನ ಹುಡುಗರ ಹಾಗೆ, ತಡವಾಗಿ, ಸದ್ದಿಲ್ಲದೆ.
ಭಾಗಾಕಾರ ಬರೆದು ತಿರುಗಿದರೆ
ಹಲಗೆಗಿಂತ ಕಿಟಕಿಯನ್ನೇ ಹೆಚ್ಚು ಓದಿಕೊಂಡ ಮುಖಗಳು.
ಇಪ್ಪತ್ತಾರು ವರ್ಷ
ಹೀಗೇ ಬರೆದು ಹೀಗೇ ತಿರುಗಿದ್ದೇನೆ.

ಆ ಮಣೆ ತಂದದ್ದು ಪಾಠಕ್ಕಂತೂ ಅಲ್ಲ.
ಪಕ್ಕದ ಮನೆಯವರು ಸೌದೆಗೆ ಹಾಕುವುದರಲ್ಲಿದ್ದರು,
ಕೈಚಾಚಿ ಇಸಿದುಕೊಂಡೆ.
ಆಚೆಗೊಂಬತ್ತು ಈಚೆಗೊಂಬತ್ತು ಗುಳಿ, ನಡುವೆ ಎರಡು ಹಂಡೆ,
ಗುಳಿಗೆ ಒಂಬತ್ತರಂತೆ ನೂರ ಅರವತ್ತೆರಡು ಕಾಯಿ.
ಎಣಿಸಿದರೆ ಹದಿಮೂರು ಕಡಿಮೆ.
ತೊಗುಜ್ ಕೊರ್ಗೋಲ್. ನಮ್ಮ ಮಾತಿನಲ್ಲಿ ಒಂಬತ್ತು ಕುರಿಹಿಕ್ಕೆ.
ಹೆಸರು ಎಲ್ಲರಿಗೂ ಗೊತ್ತು,
ಆದರೂ ಶಾಲೆಯೊಳಗೆ, ಮೇಡಂ ಬಾಯಲ್ಲಿ,
ಹಿಕ್ಕೆ!
ಅವತ್ತು ನಕ್ಕಷ್ಟು ನನ್ನ ತರಗತಿ ಯಾವತ್ತೂ ನಕ್ಕಿರಲಿಲ್ಲ.

ಬೆಕ್ತುರ್ ಮಾತ್ರ ನಗಲಿಲ್ಲ.
ಎರಡು ವರ್ಷದಿಂದ ಹಾಜರಿಗೆ ಬಿಟ್ಟು ಬೇರೆ ಉತ್ತರ ಕೊಡದ ಹುಡುಗ.
ಪಕ್ಕಕ್ಕೆ ಬಂದು ನಿಂತ.
ನಾನು ಐದನೇ ಗುಳಿಗೆ ಕೈಹಾಕಿದ್ದೆ.
"ಅದಲ್ಲ ಎಜೆ," ಅಂದ, "ಅದು ಬೆಸಕ್ಕೆ ಹೋಗಿ ನಿಲ್ಲುತ್ತೆ,
ಒಂದೂ ಸಿಗಲ್ಲ. ಏಳನೇದು ಎತ್ತಿ."
ಎತ್ತಿದೆ. ಬಿತ್ತುತ್ತ ಹೋದೆ.
ಕೊನೆಯ ಕಾಯಿ ಎದುರಾಳಿಯ ಗುಳಿಗೆ ಬಿದ್ದು
ಹದಿಮೂರಿದ್ದದ್ದು ಹದಿನಾಲ್ಕಾಯಿತು.
ಸಮ. ಅಷ್ಟೂ ನನ್ನ ಹಂಡೆಗೆ.

ಎಣಿಸದೆ ಹೇಗೋ ಗೊತ್ತಾಯಿತು?
"ಎಣಿಸಲಿಲ್ಲ. ಕಾಯಿ ಎಲ್ಲಿ ಸುಸ್ತಾಗುತ್ತೆ ಅಂತ ನೋಡಿದೆ."

ಶೇಷ ಅನ್ನುವ ಪದವನ್ನು
ಎಷ್ಟು ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದೆ ನಾನು.

ಆಮೇಲೆ ತಪ್ಪು ಮಾಡಿದೆ, ಮೇಷ್ಟ್ರುಗಳು ಮಾಡುವಂಥದೇ ತಪ್ಪು.
ಆಟ ಫಲ ಕೊಡುತ್ತಿದೆ ಅಂತ ಕಂಡದ್ದೇ
ಅದಕ್ಕೆ ಅಂಕ ಕಟ್ಟಿದೆ.
ಗೆದ್ದರೆ ಐದು, ಸೋತರೆ ಎರಡು,
ಗೋಡೆಗೆ ಪಟ್ಟಿ, ಪಟ್ಟಿಗೆ ಹೆಸರು.
ಗುರುವಾರದ ಹೊತ್ತಿಗೆ ಜಿಬೆಕ್‌ಗೆ ಹೊಟ್ಟೆನೋವು.
ಗಟ್ಟಿಗರು ಬಡಪಾಯಿಗಳನ್ನೇ ಹುಡುಕಿ ಆಟಕ್ಕೆ ಕೂರಿಸಿದರು.
ಬೆಕ್ತುರ್ ಬೆಂಚಿನಡಿಯಲ್ಲಿ ಬೆರಳು ಮಡಚಿ ಎಣಿಸತೊಡಗಿದ,
ಎಣಿಸಿದ್ದಕ್ಕೆ ಸೋತ.
ಮಣೆ ಅದೇ, ಗುಳಿ ಅವೇ,
ಒಳಗೆ ಏನೋ ಆರಿಹೋಗಿತ್ತು.
ಪಟ್ಟಿ ಕಿತ್ತೆ. ಮೊಳೆ ಇನ್ನೂ ಅಲ್ಲೇ ಇದೆ,
ಟೋಪಿ ನೇತುಹಾಕುತ್ತಾರೆ.

ಈಗ ಶನಿವಾರ ಅವರ ಜೊತೆ ನಾನೂ ನೆಲಕ್ಕೆ ಕೂರುತ್ತೇನೆ.
ಮಂಡಿ ಒಪ್ಪುವುದಿಲ್ಲ, ಕೂರುತ್ತೇನೆ.
ಮೊನ್ನೆ ಜಿಬೆಕ್ ನನ್ನನ್ನು ಸೋಲಿಸಿದಳು,
ಎಂಬತ್ತೆರಡು ತುಂಬಿಸಿಕೊಂಡು, ಇನ್ನೂ ಕಾಯಿ ಉಳಿದಿರುವಾಗಲೇ.
ನನ್ನ ಮುಖ ಸಣ್ಣಗಾದದ್ದು ಕಂಡಿತೇನೋ,
ಮೊಣಕೈ ತಟ್ಟಿ ಅಂದಳು:
"ಪರವಾಗಿಲ್ಲ ಎಜೆ, ಇನ್ನೊಂದಾಟ."

ಇಪ್ಪತ್ತಾರು ವರ್ಷ ಪುಸ್ತಕ ತಿದ್ದಿ ಹಿಂದಿರುಗಿಸಿದ್ದೇನೆ.
ಕೆಂಪು ಶಾಯಿಯಲ್ಲಿ ಬೇಕಾದಷ್ಟು ಬರೆದಿದ್ದೇನೆ:
ಗಮನವಿಲ್ಲ, ಅಕ್ಷರ ಕೆಟ್ಟದು, ಪೋಷಕರ ಸಹಿ ಎಲ್ಲಿ.
ಇನ್ನೊಂದಾಟ ಅಂತ ಒಬ್ಬರಿಗೂ ಬರೆದಿಲ್ಲ.

ಕಳೆದುಹೋದ ಹದಿಮೂರಕ್ಕೆ
ಮಕ್ಕಳೇ ಏನೇನೋ ತಂದು ತುಂಬಿಸಿದ್ದಾರೆ:
ಒಣಗಿದ ಹುರುಳಿಕಾಯಿ ಬೀಜ, ಕೋಟಿನ ಗುಂಡಿ,
ಸೈಕಲ್ ಚಕ್ರದ ಎರಡು ಉಕ್ಕಿನ ಗೋಲಿ.
ಇವತ್ತು ನಾಲ್ಕನೇ ಗುಳಿಯಿಂದ ಮುಷ್ಟಿ ತುಂಬ ಎತ್ತಿದರೆ
ಒಂದು ತೀರ ಹಗುರ, ಗಾಳಿಯಷ್ಟೇ ತೂಕ.
ಕಿಟಕಿಯ ಬೆಳಕಿಗೆ ಹಿಡಿದೆ.
ನಿಜವಾದ ಹಿಕ್ಕೆ. ಒಣಗಿ ಚೊಕ್ಕವಾಗಿದೆ.

ಇಡೀ ತರಗತಿ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದೆ.
ಬೆಕ್ತುರ್ ಮಾತ್ರ ಕಿಟಕಿಯ ಕಡೆ.

ನಾನು ಬಿತ್ತುತ್ತ ಹೋದೆ.
ಎಣಿಕೆಗೆ ಅದೂ ಒಂದೇ.