ಬಿಲ್ಲಿನ ಬೆನ್ನಿಗೆ ಬರೆದ ದಿನ

ಬಾದಾಮಿ ಬಸ್‌ಸ್ಟ್ಯಾಂಡಿನ ಎದುರಿಗೆ ನಮ್ಮ ಖಾನಾವಳಿ.
ರಾತ್ರಿ ಎಂಟೂವರಿ. ಕಡೀ ಟೇಬಲ್ಲಿನ ಮ್ಯಾಲೆ ನಕಾಶಿ ಹಾಸ್ಯಾರ,
ಒಂದು ಮೂಲಿಗೆ ನನ್ನ ಉಪ್ಪಿನ ಡಬ್ಬಿ, ಇನ್ನೊಂದಕ್ಕ ಕೂಸಿನ ಬೂಟು,
ಫ್ಯಾನಿನ ಗಾಳಿಗೆ ಜಿಲ್ಲಾ ಹಾರಿ ಹೋಗಬಾರದಂತ.

ತಾಯಿ ಮಾರ್ತಾ. ತಂದಿ ಪಾವೆಲ್.
ಹಾನಿಯಾಗ ನಾಕು ವರ್ಷ, ಯಾನೆಕಗ ಒಂದೂವರಿ.
ಊರು ಕೇಳಿದೆ, ಹೇಳಿದಳು, ನನ್ನ ಬಾಯಾಗ ಹಿಡೀಲಿಲ್ಲ.
ಹಿಮ ಬೀಳೂ ಊರಂತ. ಅಷ್ಟ ತಿಳೀತು.

ನಾಳಿನ ದಿನಾನ ಅವರು ತುಂಡು ತುಂಡು ಕೊಯ್ದಿಟ್ಟಿದ್ರು:
ಎದ್ದ ಕೂಡ್ಲೆ ಗುಹಾ, ಆಮ್ಯಾಲೆ ಮಹಾಕೂಟ,
ಹನ್ನೊಂದಕ್ಕ ಪಟ್ಟದಕಲ್ಲು, ನಡು ಬಿಸಿಲಾಗ ಐಹೊಳಿ,
ಹೊಳ್ಳಿ ಬಂದು ಭೂತನಾಥನ ಕಟ್ಟಿ ಮ್ಯಾಲೆ ಸೂರ್ಯಾ ಮುಳುಗೂದು.
ಬನಶಂಕರಿಗೆ ಅರ್ಧಾ ತಾಸು.

ನಗು ಬಂತು. ನಗಲಿಲ್ಲ.
ಹಡದದ್ದು ಎರಡು, ಬೆಳೆಸಿದ್ದು ಐದು, ನನಗ ಗೊತ್ತೈತಿ,
ಚಾಲುಕ್ಯರಿಗಿಂತ ದೊಡ್ಡ ಅರಸ ಮಧ್ಯಾಹ್ನದ ನಿದ್ದಿ;
ಅವನ ಅಪ್ಪಣಿ ಇಲ್ಲದ ಯಾವ ಗುಡೀನೂ ತೆರ್ಯಾಂಗಿಲ್ಲ.

ಬಿಲ್ಲು ತಿರುವಿದೆ. ಪೆನ್ಸಿಲ್ ತಗೊಂಡೆ.
ಒಂದು ಗುಂಡು ಮಾರಿ, ಅದಕ್ಕ ಮುಚ್ಚಿದ ಎರಡು ಕಣ್ಣು: ನಿದ್ದಿ.
ಒಂದು ಏಣಿ: ಗುಹಾದ ಮೆಟ್ಟಲು, ಕೂಸು ಅಪ್ಪನ ಹೆಗಲ ಮ್ಯಾಲೆ.
ಒಂದು ಮಂಗ್ಯಾ: ಬಾಳಿಹಣ್ಣು ಚೀಲದಾಗಿಂದ ತಗೀಬ್ಯಾಡ್ರಿ.
ಹಾನಿಯಾ ಬಂದು ಮಂಗ್ಯಾಗ ಇನ್ನೊಂದು ಬಾಲಾ ಹಚ್ಚಿದಳು.
ಬಟ್ಲಾ, ಅದರಾಗ ಮೊಸರನ್ನ. ಕಡೀಕ ನೀರು,
ಮೂರು ಡೊಂಕು ಗೆರಿ, ಮಹಾಕೂಟದ ಹೊಂಡ.
ಐಹೊಳಿ ಮ್ಯಾಲೆ ಅಡ್ಡ ಗೆರಿ ಎಳದೆ.

ಪಾವೆಲ್ ಬೆಳ್ಳು ಅಲ್ಲೇ ಊರಿದ. ಬಿಡವಲ್ಲ.
ಸಮುದ್ರಾ ದಾಟಿ ಬಂದಾಂವ, ಹೊಟ್ಟಿ ಉರಿಯೂದ ಖರೆ.
ಅಂದೆ: ಐಹೊಳಿ ಎಲ್ಲಿಗೂ ಹೋಗಾಂಗಿಲ್ಲೋ ತಮ್ಮಾ,
ಈ ಹುಡುಗ ಮಾತ್ರ ಮುಂದಿನ ವರ್ಷ ಇಷ್ಟ ಸಣ್ಣಾಂವ ಇರಾಂಗಿಲ್ಲ.
ಆಟೋದ ಲಾಲಸಾಬ ಅದನ್ನ ಇಂಗ್ಲಿಷಿಗೆ ಹಚ್ಚಿದ.
ಏನು ಹೇಳಿದನೋ, ನನ್ನ ಮಾತಿಗಿಂತ ಗಿಡ್ಡ ಇತ್ತು,
ನಡುವ ಬಾಡಿಗಿ ರೊಕ್ಕದ ಸುದ್ದೀನೂ ಕೇಳಿಸ್ತು.

ನಾವೂ ಹೊಂಟಿದ್ವಿ ಒಮ್ಮೆ, ಗೋಳಗುಮ್ಮಟಕ್ಕ,
ನಾನು, ನಮ್ಮವರು, ಎರಡು ಹುಡುಗ್ರು, ಬುತ್ತಿಗಂಟು.
ಸಣ್ಣಾಂವಗ ಗಾಡ್ಯಾಗ ಮೈ ಕಾದು ಕೆಂಡಾತು,
ಬಾಗಲಕೋಟಿ ಸ್ಟೇಷನ್ನಿನ್ಯಾಗ ಇಳದ್ವಿ,
ಬೇವಿನ ನೆಳ್ಳಾಗ ಸಂಜೀಮಟಾ ಕುಂತು ಹೊಳ್ಳಿ ಬಂದ್ವಿ.
ನಮ್ಮವರು ಎರಡು ದಿನ ಮಾತಾಡಲಿಲ್ಲ, ಟಿಕೀಟಿನ ಸಿಟ್ಟಿಗೆ.
ದೊಡ್ಡಾಕಿ ಈಗೂ ಅಂತಾಳ, ಗೋಳಗುಮ್ಮಟ ನೋಡೀನಿ ನಾನು.
ಏನ ನೋಡಿದ್ಯವ್ವಾ ಅಂದ್ರ, ಪ್ಯಾರಲಹಣ್ಣು.

ಮರುದಿನ ನನ್ನ ಲೆಕ್ಕಾನೂ ತಪ್ಪಿತು.
ಮಧ್ಯಾಹ್ನ ಮಲಗಬೇಕಾದಾಂವ ಮುಂಜಾನೆ ಆಟೋದಾಗ ಮಲಗಿದ,
ಪಟ್ಟದಕಲ್ಲಿನ ಗೇಟಿನ ಹೊರಗ ಒಂದೂವರಿ ತಾಸು
ಅಪ್ಪ ಕೂಸಿನ ತಲಿ ಎದಿಗೆ ಒತ್ಕೊಂಡು ಅಲುಗಾಡದಂಗ ಕುಂತ.
ಲಾಲಸಾಬ ಶೇಂಗಾ ಸುಲಿದು ಸುಲಿದು ಅವನ ಬಾಯಾಗ ಹಾಕಿದನಂತ.
ಒಳಗ ಅವ್ವ ಮಗಳು. ಮಗಳು ನೋಡಿದ್ದು
ಕಲ್ಲಿನ ನಂದಿ ಅಲ್ಲ, ಹುಲ್ಲು ಕೊಯ್ಯೂ ಹೆಣ್ಮಗಳ ಕೈಯಾನ ಕುಡಗೋಲು.
ಹೊಂಡದಾಗ ಮಾತ್ರ ನಾಕೂ ಮಂದಿ ಇಳದ್ರಂತ,
ಹೊರಗ ಬಾ ಅಂದ್ರ ಪಾವೆಲ್ಲನ ಬರಲಿಲ್ಲಂತ.

ರಾತ್ರಿ ಬಂದ್ರು. ಕೂದಲಾ ಇನ್ನೂ ಹಸಿ.
ಬಿಲ್ಲು ನೀರಾಗ ತೊಯ್ದು, ಒಣಗಿ, ಹಪ್ಪಳ ಆಗಿತ್ತು,
ತಿರುವಿದ್ರ ನಿನ್ನೀ ಊಟ: ರೊಟ್ಟಿ, ಝುಣಕಾ, ಮೊಸರು ಎರಡು.
ಕೊಡೂದು ಅವರು ಮರ್ತಿದ್ರು, ಇಸ್ಕೊಳ್ಳೂದು ನಾನು.

ಪಾವೆಲ್ ನಕಾಶಿ ಹಾಸಿದ. ಉಪ್ಪಿನ ಡಬ್ಬಿ ತಾನ ತಂದಿಟ್ಟ.
ಪೆನ್ಸಿಲ್ ನನ್ನ ಕಡೆ ಸರಿಸಿದ.
ಲಾಲಸಾಬನ ಹತ್ರ ಕಲ್ತ ಒಂದ ಒಂದು ಶಬ್ದ,
'ನಾಳಿ?' ಅಂದ.

ಹೊಸಾ ಬಿಲ್ಲು ಹರದೆ.
ಮೊದಲು ಗುಂಡು ಮಾರಿ, ಮುಚ್ಚಿದ ಎರಡು ಕಣ್ಣು.
ಯಾವ ಹೊತ್ತಿಗೆ ಅಂತ ಈ ಸಲ ಬರೀಲಿಲ್ಲ.