ದಂಡಿನ ಮನೆಗಳ ಲೆಕ್ಕ

ಇನ್ನೂರ ನಲವತ್ತು ಮನೆ, ಮನೆಗೊಂದು ಎಳೆ ಗಾಜು.
ಹೈದರಾಬಾದಿನವರು ಟೆಂಡರು ಹಿಡಿದರು,
ಅವರ ಕೈಯಿಂದ ಹುಬ್ಬಳ್ಳಿಯವರು,
ಹುಬ್ಬಳ್ಳಿಯವರ ಕೈಯಿಂದ ನಾನು,
ಕೌಲ್ ಬಜಾರಿನ ಗಾದಿಲಿಂಗ.
ಕಾಲುವೆಯ ಕೊನೆಯ ಗದ್ದೆಗೆ
ನೀರು ಎಷ್ಟು ಬರುತ್ತದೆ ಅಂತ
ಸಿರುಗುಪ್ಪದ ಕಡೆಯವರನ್ನು ಕೇಳಿ.

ಮನೆಗೆ ತಿಂಗಳಿಗೆ ನೂರಾ ನಲವತ್ತು.
ಟಿಡಿಎಸ್ಸು ಹೋಗಿ, ಠೇವಣಿ ಅಂತ ಹಿಡಿದದ್ದು ಹೋಗಿ,
ಸ್ಪ್ಲೈಸಿಂಗ್ ಮಷಿನ್ನಿನ ಕಂತು,
ಖಾಜಾವಲಿಯ ಪಗಾರ, ಅವನ ಗಾಡಿಯ ಪೆಟ್ರೋಲು.
ಉಳಿದದ್ದನ್ನು ನನ್ನ ಹೆಂಡತಿ ಎಣಿಸುವುದಿಲ್ಲ,
ಮುಷ್ಟಿಯಲ್ಲಿ ಹಿಡಿದು ತೂಗಿ ನೋಡುತ್ತಾಳೆ.

ನಾಲ್ಕು ತಾಸಿನೊಳಗೆ ದೂರು ಮುಚ್ಚಬೇಕು, ಇಲ್ಲವಾದರೆ ದಂಡ.
ಗೇಟಿನಲ್ಲೇ ಎರಡು ತಾಸು.
ಪಾಸಿನ ಫೋಟೋಕ್ಕೆ ಮೀಸೆ ಇದೆ, ನನಗೀಗ ಇಲ್ಲ.
ಸೆಂಟ್ರಿ ಹುಡುಗ ಅದನ್ನೊಮ್ಮೆ ಇದನ್ನೊಮ್ಮೆ ನೋಡುತ್ತಾನೆ.
ನನ್ನ ಫೋನು ಅವನ ಡ್ರಾಯರಿನೊಳಗೆ,
ಫೋನಿನೊಳಗೆ ಹುಬ್ಬಳ್ಳಿಯವರು,
ಡ್ರಾಯರು ಗುರುಗುಡುತ್ತಿದೆ.

ಹೆಗ್ಗಣಕ್ಕೆ ಕರಿ ಕೇಬಲ್ಲೆಂದರೆ ಅದೇನು ಪ್ರೀತಿಯೋ.
ಏಪ್ರಿಲ್ಲಿನ ಮಧ್ಯಾಹ್ನ ಗುಂಡಿಯ ಮುಚ್ಚಳ ಎತ್ತಿದರೆ
ರೊಟ್ಟಿ ಹಂಚಿನ ಝಳ.
ಖಾಜಾವಲಿ ಉಸಿರು ಬಿಗಿಹಿಡಿದು
ಕೂದಲಿಗೆ ಕೂದಲು ಕೂಡಿಸಿದಂತೆ
ಗಾಜಿಗೆ ಗಾಜು ಬೆಸೆಯುತ್ತಾನೆ.
ಒಂದು ಹನಿ ಬೆವರು ಬಿತ್ತೋ, ಮತ್ತೆ ಮೊದಲಿಂದ.

ಹದಿನೇಳನೇ ನಂಬರಿನ ಬಾಗಿಲಲ್ಲಿ ಆಕೆ,
ಕಂಕುಳಲ್ಲಿ ಕೂಸು,
ಕೆಂಪು ಕೆಂಪು ಅನ್ನುತ್ತಾಳೆ.
ಅಸ್ಸಾಮಿನವಳು. ಕನ್ನಡದಲ್ಲಿ ಬರುವುದು ಎರಡೇ ಮಾತು,
ಎರಡನ್ನೂ ನಮ್ಮ ಮೋಡೆಮ್ಮೇ ಕಲಿಸಿತು.
ಆರೂ ಇಪ್ಪತ್ತಕ್ಕೆ ಒಳಗಿಂದ ಕೂಗಿದಳು: ಹಸಿರು!
ನಾಲ್ಕು ತಾಸು ಹನ್ನೊಂದು ನಿಮಿಷ.
ಐನೂರು ಹೋಯಿತು.

ಜೂನಿನಲ್ಲಿ ದಂಡು ಹೊರಟಿತು.
ಎಲ್ಲಿಗೆ ಅಂತ ಕೇಳುವ ಹಾಗಿಲ್ಲ,
ಬಿಲ್ಲು ನೋಡಿದರೆ ಗೊತ್ತಾಗುತ್ತದೆ ಅಷ್ಟೆ:
ಇನ್ನೂರ ನಲವತ್ತು, ನೂರಾ ಎಂಟು, ಹನ್ನೊಂದು.
ಖಾಲಿ ಮನೆಗೆ ದರ ಇಲ್ಲವೆಂದು ಹದಿನೆಂಟನೇ ಕಲಮು.
ಬಾರದ ಮೋಡೆಮ್ಮಿಗೆ ಸಾವಿರದ ಇನ್ನೂರು, ನನ್ನ ಲೆಕ್ಕದಿಂದ.
ಬಾಗಿಲು ಬಾಗಿಲು ತಿರುಗಿ ಗೋಣಿಚೀಲಕ್ಕೆ ತುಂಬಿದೆವು,
ಚಹಾದ ಕಲೆಯವು, ವೈರು ಕಿತ್ತವು,
ಒಂದರ ಬೆನ್ನಿಗೆ ಸ್ಟಿಕರಿನ ಚಿಟ್ಟೆ.

ಹದಿನೇಳರದು ಸೆಂಟ್ರಿಯ ಡ್ರಾಯರಿನಲ್ಲಿತ್ತು.
ಕೂಸಿನ ಉಣ್ಣೆ ಸ್ವೆಟರಿನಲ್ಲಿ ಸುತ್ತಿ,
ಎರಡೂ ತೋಳು ಗಂಟು ಹಾಕಿ.
ಬಳ್ಳಾರಿಯಲ್ಲಿ ಉಣ್ಣೆ!
ಅಲ್ಲಿ ಬೇಕಾಗಿತ್ತೋ ಏನೋ, ಅವರು ಹೋದ ಕಡೆ.

ಮೋಡೆಮ್ಮು ಹುಬ್ಬಳ್ಳಿ ಮುಟ್ಟಿತು, ರಸೀದಿ ಬಂತು.
ಸ್ವೆಟರು ಮಷಿನ್ನಿನ ಪೆಟ್ಟಿಗೆಯಲ್ಲಿದೆ.
ಲೆನ್ಸು ಒರೆಸಲಿಕ್ಕೆ ಇದಕ್ಕಿಂತ ಮೆತ್ತನೆಯದು ಸಿಗೂದಿಲ್ಲ
ಅಂತಾನೆ ಖಾಜಾವಲಿ,
ತನ್ನ ಅಂಗಿಯ ಚುಂಗಿನಿಂದ ಒರೆಸುತ್ತಾ.