ಜೋಲಿ

ಫೆಬ್ರವರಿಯ ಜ್ವರ ಬಿಟ್ಟುಹೋಗುವಾಗ
ಎಡಗಿವಿಯೊಳಗಿನ ರಸಮಟ್ಟ ಒಡೆದುಹೋಗಿತ್ತು.
ಕೇಳಿಸುವುದೆಲ್ಲ ಕೇಳಿಸುತ್ತದೆ: ಗಡಿಯಾರ, ನಲ್ಲಿ, ಪಕ್ಕದ ಮನೆಯ ನಾಯಿ.
ನೆಲ ಎಲ್ಲಿದೆ ಎಂದು ಮಾತ್ರ
ಅದೀಗ ಹೇಳುವುದಿಲ್ಲ.
ಮೆಟ್ಟಿಲಿಳಿದರೆ ಜೋಲಿ.
ಹಲ್ಲುಜ್ಜಿ ಉಗುಳಲು ಬಗ್ಗಿದರೆ ಜೋಲಿ.
ಯೆಸೆನಿತ್ಸೆಯ ಆಸ್ಪತ್ರೆಯಲ್ಲಿ ರಾತ್ರಿಪಾಳಿ,
ಮುರಿದ ಮೂಳೆಗಳ ಎಕ್ಸ್‌ರೇ ತೆಗೆಯುವವನು ನಾನು.
"ಅಲುಗಾಡಬೇಡಿ" ಎನ್ನುವುದೇ ಕಸುಬು.
ಈಗ ಗೋಡೆ ಹಿಡಿದುಕೊಂಡು ಹೇಳುತ್ತೇನೆ.

ಹದಿನೈದು ವರ್ಷದ ಕೆಂಪು ಕಾರು,
ಎರಡೇ ಬಾಗಿಲು, ಗಿಡ್ಡ ಮೂತಿ, ಜಗಳಗಂಟಿ ದನಿ.
ವರ್ಶಿಚ್ ಘಾಟಿಗೆ ಐವತ್ತು ತಿರುವು,
ಒಂದೊಂದಕ್ಕೂ ನಂಬರಿನ ಫಲಕ;
ಮಗ್ಗಿಯ ಹಾಗೆ ಬಾಯಿಗೆ ಬರುತ್ತಿದ್ದವು.
ಈಗ ಎಂಟನೆಯದಕ್ಕೇ ಮಗ್ಗಿ ತಪ್ಪುತ್ತದೆ:
ಸ್ಟಿಯರಿಂಗ್ ತಿರುಗಿಸಿದರೆ ಕಾರು
ಹೊರಮಗ್ಗುಲಿಗೆ ಧೊಪ್ಪನೆ ವಾಲಿ,
ಹೋದಷ್ಟೇ ಮರಳಿ, ಮತ್ತೆ ವಾಲಿ,
ಯಾರೋ ತೂಗಿ ಮರೆತುಹೋದ ಜೋಲಿ.
ಅಷ್ಟರಲ್ಲಿ ಆಕಾಶ ಎಲ್ಲಿಗೋ ಹೋಗಿರುತ್ತದೆ.
ಒಮ್ಮೆ ದಾರಿಬದಿಯ ಮರದ ಚರ್ಚಿನ ಬಳಿ ನಿಲ್ಲಿಸಿ ಕಕ್ಕಿದೆ.
ಯಾರೋ ಪ್ರವಾಸಿ ಹೆಂಗಸು ನೀರು ಕೊಟ್ಟು
ಕುಡಿದಿದ್ದೀರಾ ಎಂದಳು, ಮೆಲ್ಲಗೆ.

"ವಾಲದ ಹಾಗೆ ಮಾಡಿಕೊಡು" ಎಂದೆ ತೋಂಚ್ಕಾಳಿಗೆ.
ಉಕ್ಕಿನ ಕಾರ್ಖಾನೆಯ ಹಿಂದೆ ಅವಳ ಗ್ಯಾರೇಜು.
ಅಪ್ಪ ಕುಲುಮೆಯ ಮುಂದೆ ಹುಬ್ಬು ಸುಟ್ಟುಕೊಂಡವನು;
ಉಕ್ಕೆಂದರೆ ಅವಳಿಗೆ ಒಬ್ಬ ಹಟಮಾರಿ ನೆಂಟ.
ಕಾರನ್ನು ಲಿಫ್ಟಿಗೇರಿಸಿ, ದೀಪ ಹಿಡಿದು,
ಹಿಂಚಕ್ರಗಳ ನಡುವಿನ ಸರಳು ತೋರಿಸಿದಳು.
ಆಂಟಿ-ರೋಲ್ ಬಾರ್. ಹತ್ತೊಂಬತ್ತು ಮಿಲಿಮೀಟರು.
"ಇದು ತಿರುಚಿಕೊಳ್ಳುತ್ತದೆ, ಅದಕ್ಕೇ ನೀನು ಇಷ್ಟಾದರೂ ನೆಟ್ಟಗಿದ್ದೀಯ.
ದಪ್ಪದ್ದು ಹಾಕಬಹುದು. ಹಾಕಲೇ?"
ಆ "ಹಾಕಲೇ"ಯಲ್ಲಿ ಏನೋ ಇತ್ತು. ನಾನು ಕಿವಿಗೊಡಲಿಲ್ಲ.
ಇಪ್ಪತ್ತನಾಲ್ಕು, ಎಂದೆ. ಸ್ಪ್ರಿಂಗೂ ಗಿಡ್ಡದಿರಲಿ. ಬುಶ್ಶೂ ಗಟ್ಟಿಯದಿರಲಿ.

ಹೆದ್ದಾರಿಯಲ್ಲಿ ಕಾರು ಊಟದ ಮೇಜಾಯಿತು.
ಕಿವಿ ಮೋಸಹೋಗಿ ಸುಮ್ಮನಾಯಿತು.
ಆದರೆ ಕ್ರಾನ್‌ಸ್ಕಾ ಗೋರಾ ದಾಟಿದಿರೋ,
ತಿರುವು ತಿರುವಿಗೂ ಕಲ್ಲುಹಾಸು.
ಎಡಚಕ್ರ ಎಡವಿದರೆ ಬಲದ್ದಕ್ಕೂ ಪೆಟ್ಟು,
ಒಬ್ಬನ ಬಿಕ್ಕಳಿಕೆ ಇಬ್ಬರಿಗೂ.
ಹನ್ನೊಂದನೆಯದರಲ್ಲಿ
ಒಳಗಿನ ಹಿಂಚಕ್ರ ಎದ್ದಿತು,
ಕಂಬ ಕಂಡ ನಾಯಿಯ ಕಾಲು.
ಬೆನ್ನಹಿಂದೆ ಏನೋ ನುಣ್ಣಗೆ ಜಾರಿತು;
ಕಣಿವೆ, ತಡೆಗಂಬ, ಕಣಿವೆ,
ಆಮೇಲೆ ನಾನು ಬಂದ ದಾರಿಯೇ ನನ್ನೆದುರು.
ವಾಲಲಿಲ್ಲ, ಒಪ್ಪಿದೆ.
ಹೇಳದೆ ಕೇಳದೆ ಹೊರಟುಹೋಗುವುದನ್ನು ಕಲಿತಿತ್ತು.

ಮತ್ತೆ ಗ್ಯಾರೇಜು. ತೋಂಚ್ಕಾ ನಗಲಿಲ್ಲ, ಬಯ್ಯಲೂ ಇಲ್ಲ.
ಬ್ರೆಡ್ಡಿಗೆ ಹಂದಿಕೊಬ್ಬು ಸವರುತ್ತ ಕೇಳಿದಳು:
"ನಿನಗೆ ಭಯ ವಾಲುವಾಗಲೋ, ವಾಲಿದ್ದು ನಿಲ್ಲದಾಗಲೋ?"
ಎಕ್ಸ್‌ರೇ ಮೇಜಿನ ಮೇಲೆ ಮಲಗಿದವರೂ ಹೀಗೇ,
ಎಲ್ಲಿ ನೋವೆಂದರೆ ಇನ್ನೆಲ್ಲೋ ಮುಟ್ಟಿ ತೋರಿಸುತ್ತಾರೆ.
"ನಿಲ್ಲದಾಗ."
"ಹಾಗಂತ ಮೊದಲೇ ಹೇಳಬಾರದಿತ್ತೇ. ಅದು ಡ್ಯಾಂಪರಿನ ಕೆಲಸ."
ಬಿಚ್ಚಿದಳು. ಎರಡೂ ಎಣ್ಣೆ ಬೆವರಿದ್ದವು,
ಒತ್ತಿದರೆ ಬೆಣ್ಣೆಗೆ ಬೆರಳಿಟ್ಟ ಹಾಗೆ.
ಹೊಸವು ಬಂದವು. ಸರಳು ಇಪ್ಪತ್ತೊಂದಕ್ಕಿಳಿಯಿತು,
ಲಿಂಕು ಹೊರತುದಿಯ ತೂತಿಗೆ, ಮೆತ್ತನೆಯದಕ್ಕೆ.
ಗಿಡ್ಡ ಸ್ಪ್ರಿಂಗಿನ ಮೇಲೀಗ ಅವಳ ಬೆಕ್ಕು ಮಲಗುತ್ತದೆ.
ದುಡ್ಡು ಹೋಯಿತು, ಆ ಮಾತು ಬೇಡ.

ಅಕ್ಟೋಬರಿನ ಏಳು ಗಂಟೆ, ಪಾಳಿ ಮುಗಿಸಿ ಹೊರಟೆ.
ಲಾರ್ಚ್ ಮರಗಳು ಹಳದಿಗೆ ತಿರುಗಿದ್ದವು,
ಕಲ್ಲುಗಳ ಮೇಲೆ ಇಬ್ಬನಿ.
ಎಂಟನೆಯದು. ಬ್ರೇಕು ನೇರದಲ್ಲೇ ಮುಗಿಸಿ,
ಕಾಲೆತ್ತಿ, ಕೈಗೆ ಅವಸರ ಕೊಡದೆ ತಿರುಗಿಸಿದೆ.
ಕಾರು ವಾಲಿತು.
ಒಂದೇ ಸಲ.
ಹೊರಚಕ್ರದ ಮೇಲೆ ತೂಕ ಇಳಿದು ಕೂತದ್ದು
ಕಿವಿಗಲ್ಲ, ಸೊಂಟಕ್ಕೆ ತಿಳಿಯಿತು,
ಮಗು ಮಗ್ಗುಲು ಬದಲಿಸಿದ್ದು
ನಿದ್ದೆಯಲ್ಲೂ ತಿಳಿಯುವ ಹಾಗೆ.
ಒಂಬತ್ತು. ಹತ್ತು. ಹನ್ನೊಂದರಲ್ಲಿ
ಉಸಿರು ಹಿಡಿದದ್ದು ನಾನು, ಕಾರಲ್ಲ.

ಘಾಟಿಯ ನೆತ್ತಿಯಲ್ಲಿ ನಿಲ್ಲಿಸಿ ಇಳಿದೆ.
ಇಳಿದೊಡನೆ ನೆಲ ಎಡಕ್ಕೆ ಹೊರಟಿತು, ಎಂದಿನಂತೆ.
ಬಾಗಿಲಿಗೆ ಸೊಂಟ ಆನಿಸಿ
ಹೋಗಲಿ ಎಂದು ಬಿಟ್ಟೆ.
ಬಂತು.
ರಸ್ತೆಯ ನಡುವೆ ಕುರಿಯೊಂದು ಮೆಲುಕು ಹಾಕುತ್ತ
ನಮ್ಮಿಬ್ಬರನ್ನೂ ನೋಡುತ್ತಿತ್ತು,
ದಾರಿ ಬಿಡುವ ಯೋಚನೆಯೇ ಇಲ್ಲದೆ.